ಪಿಸ್ತೂಲಿಗೆ ಹೋಲ್‌ಸ್ಟರ್ ಕೇಳಿದ ತಮ್ಮನಿಗೆ



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡಿಕೊಂಡು ಓದಿ. ಓದಿ ಬೈಯುವುದಿದ್ದರೂ ಪೂರ್ತಿ ಓದಿದ ಮೇಲೆ ಬೈಯಿರಿ.

ಕಳೆದ ವಾರ ಕಾಪು ಕಡೆಯ ಒಬ್ಬ ಹುಡುಗ ಇನ್‌ಬಾಕ್ಸಿಗೆ ಬಂದ. ನಮ್ಮವನೇ. ಮಣಿಪಾಲದಲ್ಲಿ ಕೆಲಸ, ದಿನಾ ಬೈಕಲ್ಲಿ ಹೋಗಿ ಬರುವವ. "ಅಣ್ಣಾ, ಪಿಸ್ತೂಲಿನ ಲೈಸೆನ್ಸ್ ಮಾಡಿಸ್ಬೇಕು ಅಂತ ಇದ್ದೇನೆ. ತಕೊಳ್ಳುವುದಾದ್ರೆ ಸಣ್ಣದು ಬೇಡ, ಪೂರ್ತಿ ಸೈಜಿನದ್ದೇ ತಕೊಳ್ಳುವ ಅಂತ. ಅಂಗಿಯ ಒಳಗೆ ಕಾಣ್ಬಾರ್ದು, ಇಡೀ ದಿನ ಕಟ್ಟಿಕೊಂಡ್ರೂ ನೋಯ್ಬಾರ್ದು. ಅಂಥ ಹೋಲ್‌ಸ್ಟರ್ ಯಾವುದುಂಟು? ಯಾರನ್ನಾದ್ರೂ ಕೇಳಿ ಹೇಳಿ" ಅಂತ. ಜೊತೆಗೆ ಅಮೆರಿಕದವರ ನಾಲ್ಕು ರೀಲ್ಸ್ ಬೇರೆ ಕಳಿಸಿದ್ದ.

ಮೊದಲು ನಗು ಬಂತು. ಆಮೇಲೆ ಫೋನ್ ಮಾಡಿ "ಎಂತ ಮಾರಾಯ, ಎಂತಾಯ್ತು?" ಅಂತ ಕೇಳಿದೆ. ಆಗ ನಗು ನಿಂತಿತು. ಅವನ ಮನೆಯವರು ಡಿ.ಸಿ. ಮನ್ನಾ ಭೂಮಿಗೆ ಅರ್ಜಿ ಹಾಕಿದ್ದಾರೆ. ಆ ಜಾಗಕ್ಕೆ ಬೇಲಿ ಹಾಕಿಕೊಂಡು ಕೂತವರು ಬೇರೆ. ಒಂದು ರಾತ್ರಿ ಇಬ್ಬರು ಇವನ ಬೈಕಿಗೆ ಅಡ್ಡ ನಿಂತು, ಜಾತಿ ಹಿಡಿದು ಬೈದು, "ನಿನ್ನ ಅಪ್ಪ ನಮ್ಮ ಅಂಗಳದಲ್ಲಿ ತಲೆ ಎತ್ತಿದವ ಅಲ್ಲ, ನೀನು ಅರ್ಜಿ ಕೊಡ್ತೀಯಾ" ಅಂತ ಹೆದರಿಸಿದ್ದಾರೆ. ಠಾಣೆಗೆ ಹೋದರೆ "ಊರಿನ ವಿಷಯ, ಕೂತು ಮಾತಾಡಿ ಮುಗಿಸ್ಕೊಳ್ಳಿ" ಅಂತ ಹೇಳಿ ಕಳಿಸಿದ್ದಾರೆ. ಅಲ್ಲಿಂದ ಬಂದವನು ನೇರ ಮೊಬೈಲಲ್ಲಿ ಪಿಸ್ತೂಲು ಹುಡುಕಿದ್ದಾನೆ.

ಅವನ ಹೆದರಿಕೆ ಸುಳ್ಳಲ್ಲ. ಅದಕ್ಕೇ ಅವನು ಕೇಳಿದ ಪ್ರಶ್ನೆಗೆ ಮೊದಲು ಸರಿಯಾದ ಉತ್ತರ ಕೊಡುತ್ತೇನೆ. ಉಪದೇಶ ಆಮೇಲೆ.

ಕಾರ್ಕಳದಲ್ಲಿ ನನ್ನ ಸಂಬಂಧದ ಮಾವ ಒಬ್ಬರಿದ್ದಾರೆ, ಮಿಲಿಟರಿಯಿಂದ ನಿವೃತ್ತರಾದವರು. ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ವರ್ಷಗಟ್ಟಲೆ ನಡೆದವರು. ಅವರನ್ನೇ ಕೇಳಿದೆ. ಅವರು ಹೇಳಿದ್ದಿಷ್ಟು.

ಹೋಲ್‌ಸ್ಟರಿಗಿಂತ ಮೊದಲು ಬೆಲ್ಟ್ ನೋಡ್ಬೇಕು. ಸಂತೆಯ ಬೆಲ್ಟ್ ಪಿಸ್ತೂಲಿನ ಭಾರಕ್ಕೆ ಜೋತು ಬೀಳ್ತದೆ, ಪ್ಯಾಂಟ್ ಒಂದು ಕಡೆಗೆ ಇಳೀತದೆ, ಸಂಜೆಗೆ ಸೊಂಟ ನೋಯ್ತದೆ. ಎರಡು ಪದರದ ದಪ್ಪ ಚರ್ಮದ ಬೆಲ್ಟ್ ಬೇಕು. ಹೋಲ್‌ಸ್ಟರ್ ಗಟ್ಟಿ ಇರಬೇಕು. ಪಿಸ್ತೂಲು ತೆಗೆದ ಮೇಲೂ ಅದರ ಬಾಯಿ ಮುಚ್ಚಿಕೊಳ್ಳಬಾರದು. ಕುದುರೆ, ಅಂದರೆ ಟ್ರಿಗರ್, ಪೂರ್ತಿ ಮುಚ್ಚಿರಬೇಕು. ಬಗ್ಗಿದರೆ ಕೆಳಗೆ ಬೀಳದಷ್ಟು ಬಿಗಿ ಇರಬೇಕು. ಬಲಸೊಂಟದಲ್ಲಿ ಸ್ವಲ್ಪ ಹಿಂದಕ್ಕೆ ಇಟ್ಟರೆ ಒಳ್ಳೆಯದು. ಬೆನ್ನುಮೂಳೆಯ ಮೇಲೆ ಇಡಲೇಬಾರದು, ಬೈಕಿಂದ ಬಿದ್ದರೆ ಬೆನ್ನೇ ಹೋಗ್ತದೆ. ಪ್ಯಾಂಟಿನ ಒಳಗೆ ಸಿಕ್ಕಿಸುವುದಾದರೆ ಸೊಂಟದ ಅಳತೆ ದೊಡ್ಡದಿರುವ ಪ್ಯಾಂಟೇ ಬೇಕು. ಆದರೂ ಕೂತಾಗ ಹಿಡಿಕೆ ಪಕ್ಕೆಗೆ ಚುಚ್ಚುತ್ತದೆ. ಪೂರ್ತಿ ಸೈಜಿನ ಪಿಸ್ತೂಲಿನಲ್ಲಿ ಅಡಗಿಸಲು ಕಷ್ಟ ಆಗುವುದು ನಳಿಗೆ ಅಲ್ಲ, ಆ ಹಿಡಿಕೆಯೇ. ಬೈಕಲ್ಲಿ ಗಾಳಿಗೆ ಅಂಗಿ ಹಾರಿದರೆ ಎಲ್ಲರಿಗೂ ಕಾಣ್ತದೆ. ಮುಂಡು ಉಟ್ಟವನಿಗೆ ಇದೆಲ್ಲ ಆಗುವ ಮಾತೇ ಅಲ್ಲ. ಮತ್ತೆ ನಮ್ಮ ಕರಾವಳಿಯ ಬೆವರು, ಸಮುದ್ರದ ಉಪ್ಪುಗಾಳಿ. ದಿನಾ ಒರೆಸಿ ಎಣ್ಣೆ ಹಾಕದಿದ್ದರೆ ಕಬ್ಬಿಣ ತುಕ್ಕು. ಜೂನಿಂದ ಸೆಪ್ಟೆಂಬರ್ ತನಕ ಚರ್ಮಕ್ಕೆ ಬೂಸ್ಟು.

ಇಷ್ಟು ಹೇಳಿ ಮಾವ ಕೊನೆಗೆ ಒಂದು ಮಾತು ಸೇರಿಸಿದರು. "ನಾವು ಕಟ್ಟಿಕೊಳ್ತಿದ್ದದ್ದು ಡ್ಯೂಟಿ ಹೊತ್ತಲ್ಲಿ. ಡ್ಯೂಟಿ ಮುಗಿದ ಕೂಡ್ಲೇ ಕೋತಿಗೆ ಒಪ್ಪಿಸಿ ಸಹಿ ಹಾಕಿ ಬರ್ತಿದ್ದೆವು. ಆ ಹುಡುಗನ ಡ್ಯೂಟಿ ಯಾವಾಗ ಮುಗೀತದೆ, ಕೇಳು."

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಇನ್ನು ಕಾನೂನು. ಕೋವಿ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಮೂಲಭೂತ ಹಕ್ಕಲ್ಲ. ಅದು 1959ರ ಆಯುಧ ಕಾಯ್ದೆಯಡಿ ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಡುವ ಲೈಸೆನ್ಸ್. ರೀಲ್ಸಲ್ಲಿ ಕಾಣುವ 9 ಎಂ.ಎಂ. ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ನಮ್ಮ ನಿಮ್ಮಂಥವರಿಗೆ ಸಿಗುವುದು ಪಾಯಿಂಟ್ 32ರ ಪಿಸ್ತೂಲು, ರಿವಾಲ್ವರ್. 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಹೆಣ್ಣುಮಕ್ಕಳ ರಕ್ಷಣೆಗೆ ಅಂತ 'ನಿರ್ಭೀಕ್' ರಿವಾಲ್ವರ್ ತಂದಿತಲ್ಲ, ಅದರ ಬೆಲೆಯೇ ಆಗ 1 ಲಕ್ಷದ 20 ಸಾವಿರದ ಮೇಲೆ. ಯಾವ ಹೆಣ್ಣುಮಗಳ ರಕ್ಷಣೆಗೆ ಅಂತ ನೀವೇ ಯೋಚಿಸಿ. ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳಿಗಂತೂ ಅಲ್ಲ. 2016ರ ಆಯುಧ ನಿಯಮ ಏನು ಹೇಳ್ತದೆ ಅಂದರೆ, ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಹೋಲ್‌ಸ್ಟರಿನಲ್ಲೇ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿರಬೇಕು. ತೆಗೆದು ಝಳಪಿಸುವ ಹಾಗಿಲ್ಲ. ಅಂದರೆ ಹೆದರಿಸಲಿಕ್ಕೆ ತೋರಿಸುವುದೂ ಅಪರಾಧವೇ.

ಈಗ ನನ್ನ ಮಾತು.

ನಮ್ಮೂರಲ್ಲಿ ಕೋವಿ ಯಾರ ಹತ್ತಿರ ಇತ್ತು? ನನ್ನಜ್ಜ ಕಾರ್ಕಳದ ಕಾಡಿನ ಅಂಚಲ್ಲಿ ಒಕ್ಕಲಿದ್ದವರು. ಬೇಟೆ ಅಂದರೆ ದೊಡ್ಡಮನೆಯವರು ಕೋವಿ ಹಿಡಿದು ಗಂಡಿಯಲ್ಲಿ ಕೂರುವುದು, ಅಜ್ಜ ಮತ್ತೆ ಅವರ ಅಣ್ಣತಮ್ಮಂದಿರು ಕೂಗು ಹಾಕುತ್ತಾ ಕಾಡು ಸೋವುವುದು. ಹಂದಿ ತಿರುಗಿ ಬಿದ್ದರೆ ಮೊದಲು ಸಿಗುವವರು ಸೋವುವವರೇ. ಈಡು ಹಾರಿಸಿದವರಿಗೆ ತೊಡೆ, ಸೋವಿದವರಿಗೆ ಕರುಳು. ಜೋಡುನಳಿಗೆಯ ಆ ಕೋವಿಯನ್ನು ಅಜ್ಜ ಒರೆಸಿದ್ದಾರೆ, ಹೊತ್ತಿದ್ದಾರೆ. ಅದರ ಕುದುರೆ ಮೇಲೆ ಅವರ ಬೆರಳು ಒಂದು ದಿನವೂ ಕೂತಿಲ್ಲ.

ಯಾಕೆ? ಕೋವಿ ಬರುವುದು ಭೂಮಿಯ ಹಿಂದೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಕೊಡ್ತಾರೆ. ಬೆಳೆ ಇರಬೇಕಾದರೆ ಪಹಣಿ ಇರಬೇಕು. ಪಹಣಿ ನಮ್ಮ ಹೆಸರಲ್ಲಿ ಎಲ್ಲಿ ಉಂಟು? ಪಕ್ಕದ ಕೊಡಗು ನೋಡಿ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಕೊಡವರ ಮೇಲೆ ನನಗೇನೂ ಸಿಟ್ಟಿಲ್ಲ, ಅದು ಅವರ ಸಂಪ್ರದಾಯ. ಆದರೆ ಅದೇ ತೋಟಗಳಲ್ಲಿ ದುಡಿಯುವ ಯರವರಿಗೆ ಜಮ್ಮಾ ಇಲ್ಲ, ಹಾಗಾಗಿ ವಿನಾಯಿತಿಯೂ ಇಲ್ಲ. ಆನೆ ಎದುರಾಗುವುದು ಮಾತ್ರ ಅವರಿಗೂ.

ಆದರೆ ಒಂದು ವಿಷಯ ನಮ್ಮವರಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. ಆಯುಧ ಕಾಯ್ದೆಯ 14ನೇ ಸೆಕ್ಷನ್ನಿನಲ್ಲೇ ಬರೆದಿದೆ: ಸಾಕಷ್ಟು ಆಸ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸುವ ಹಾಗಿಲ್ಲ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಅದರ ಮೇಲೆ ಅಪೀಲು ಹೋಗಬಹುದು.

ಇನ್ನೊಂದು ಇದಕ್ಕಿಂತ ದೊಡ್ಡದು. 1989ರ ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮಗಳು ಬಂದವು. ಅದರ 3ನೇ ನಿಯಮ ತೆಗೆದು ಓದಿ. ದೌರ್ಜನ್ಯ ನಡೆಯುವ ಸಾಧ್ಯತೆ ಇರುವ ಪ್ರದೇಶಗಳನ್ನು ಸರಕಾರ ಮೊದಲು ಗುರುತಿಸಬೇಕು. ಡಿ.ಸಿ., ಎಸ್‌ಪಿ ಅಲ್ಲಿಗೆ ಹೋಗಿ ನೋಡಬೇಕು. ಅಗತ್ಯ ಕಂಡರೆ ಅಲ್ಲಿನ ದಲಿತೇತರರ ಆಯುಧ ಲೈಸೆನ್ಸ್ ರದ್ದು ಮಾಡಿ ಕೋವಿಗಳನ್ನು ಸರಕಾರಿ ಶಸ್ತ್ರಾಗಾರದಲ್ಲಿ ಇಡಿಸಬೇಕು. ಅಕ್ರಮ ಕೋವಿಗಳನ್ನು ಜಪ್ತಿ ಮಾಡಬೇಕು. ಅದಾದ ಮೇಲೆ, ಜೀವ ಆಸ್ತಿ ರಕ್ಷಣೆಗೆ ಬೇಕು ಅನಿಸಿದರೆ ಎಸ್‌ಸಿ ಎಸ್‌ಟಿಯವರಿಗೆ ಲೈಸೆನ್ಸ್ ಕೊಡಬೇಕು.

ಆ ಕ್ರಮ ಗಮನಿಸಿ. ನಮ್ಮ ಕೈಗೆ ಪಿಸ್ತೂಲು ಕೊಡುವುದು ಪಟ್ಟಿಯಲ್ಲಿ ಆಮೇಲೆ ಬರ್ತದೆ. ಅವರ ಕೈಯಿಂದ ಕೋವಿ ತೆಗೆಯುವುದು ಅದಕ್ಕಿಂತ ಮೊದಲು. ಚುನಾವಣೆ ಬಂದಾಗ ಊರಿಡೀ ಕೋವಿಗಳನ್ನು ಠಾಣೆಯಲ್ಲಿ ಡೆಪಾಸಿಟ್ ಮಾಡಿಸುವ ಆಡಳಿತಕ್ಕೆ, ದಲಿತನಿಗೆ ಬೆದರಿಕೆ ಬಂದಾಗ ನಾಲ್ಕು ಮನೆಯ ಕೋವಿ ಇಡಿಸಲು ಆಗುವುದಿಲ್ಲವಾ? ನನ್ನ ವಾದ ಇಲ್ಲೇ ಇರುವುದು.

"ಹಾಗಾದ್ರೆ ಲೈಸೆನ್ಸ್ ಕೇಳುವ ಹಕ್ಕು ನಮಗುಂಟಲ್ಲ, ನೀವ್ಯಾಕೆ ಬೇಡ ಅಂತೀರಿ? ನಮಗೆ ಮಾತ್ರ ಅಹಿಂಸೆಯ ಪಾಠವಾ?" ಅಂತ ಕೆಲವು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಾವಿರಾರು ವರ್ಷ ಆಯುಧ ಮುಟ್ಟಲು ಬಿಡದವರ ಮುಂದೆ ನಮ್ಮ ಮಕ್ಕಳಿಗೆ ಸೊಂಟದಲ್ಲೊಂದು ಪಿಸ್ತೂಲು ಇದ್ದರೆ ಅಂತ ನನಗೂ ಅನಿಸಿದ್ದುಂಟು. ಅರ್ಜಿ ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ಪಿಸ್ತೂಲನ್ನು ನಂಬಿ ಕೂರಬೇಡಿ ಅಂತ ಹೇಳ್ತೇನೆ.

ಯಾಕೆ ಅಂತ ನೋಡಿ. 2021ರ ಡಿಸೆಂಬರ್ 27ರ ರಾತ್ರಿ ನಮ್ಮದೇ ಜಿಲ್ಲೆಯ ಕೋಟತಟ್ಟಿನ ಕೊರಗ ಕಾಲನಿಯಲ್ಲಿ ಏನಾಯ್ತು? ಮೆಹಂದಿ ನಡೀತಿದ್ದ ಮನೆಗೆ ನುಗ್ಗಿ ಲಾಠಿ ಬೀಸಿದವರು ಯಾರು? ಪೊಲೀಸರು. ಪಿಎಸ್‌ಐ ಅಮಾನತಾದರು ನಿಜ. ಆದರೆ ಪೆಟ್ಟು ತಿಂದ ಕೊರಗರ ಮೇಲೆಯೇ ಕರ್ತವ್ಯಕ್ಕೆ ಅಡ್ಡಿ ಅಂತ ಕೇಸೂ ಬಿತ್ತು. ಆ ರಾತ್ರಿ ಅಲ್ಲಿ ಒಬ್ಬನ ಸೊಂಟದಲ್ಲಿ ಲೈಸೆನ್ಸ್ ಇದ್ದ ಪಿಸ್ತೂಲೇ ಇದ್ದಿದ್ದರೆ ಕತೆ ಎಲ್ಲಿಗೆ ಹೋಗ್ತಿತ್ತು ಅಂತ ಯೋಚಿಸಿ. ಮರುದಿನದ ಪೇಪರಿನಲ್ಲಿ ಪಿಸ್ತೂಲಿನದ್ದೇ ಸುದ್ದಿ, ಲಾಠಿಯ ಸುದ್ದಿ ಒಂದು ಸಾಲೂ ಇರುತ್ತಿರಲಿಲ್ಲ.

2015ರಲ್ಲಿ ಕಲಬುರ್ಗಿಯವರು ಬಾಗಿಲು ತಟ್ಟಿದರು ಅಂತ ಎದ್ದು ಬಂದವರು. 2017ರಲ್ಲಿ ಗೌರಿ ಲಂಕೇಶ್ ಕಚೇರಿಯಿಂದ ಮನೆಗೆ ಬಂದವರು, ಗೇಟಿನ ಹತ್ತಿರ ಇದ್ದರು. ಕೊಲ್ಲಲಿಕ್ಕೇ ಬಂದವನು ಹೇಳಿ ಬರುವುದಿಲ್ಲ. ಅಂಗಿ ಎತ್ತಿ ಹೋಲ್‌ಸ್ಟರಿಗೆ ಕೈ ಹಾಕುವಷ್ಟು ಹೊತ್ತು ಕೊಡುವುದಿಲ್ಲ.

ಮತ್ತೆ ಮನೆಯೊಳಗಿನ ಮಾತು. ಕುಡಿದು ಬರುವವರು ಇರುವ ಮನೆ, ಸಾಲ ಇರುವ ಮನೆ, ಮಕ್ಕಳು ಆಡುವ ಒಂದೇ ಕೋಣೆಯ ಮನೆ. ಅಲ್ಲಿ ತುಂಬಿದ ಪಿಸ್ತೂಲು ಎಲ್ಲಿಡ್ತೀರಿ? ದೊಡ್ಡಮನೆಯಲ್ಲಿ ಕಬ್ಬಿಣದ ತಿಜೋರಿ ಉಂಟು. ನಮ್ಮಲ್ಲಿ ಅಕ್ಕಿ ಡಬ್ಬ ಉಂಟು.

1927ರ ಮಾರ್ಚಿನಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿ ಬಂದ ನಮ್ಮವರ ಮೇಲೆ ದೊಣ್ಣೆ ಹಿಡಿದು ಬಿದ್ದರು. ಸೈನ್ಯದಲ್ಲಿದ್ದು ಬಂದ ಮಹಾರರು ಅಲ್ಲಿದ್ದರು, ತಿರುಗಿ ಹೊಡೆಯಬಲ್ಲವರೇ. ಬಾಬಾಸಾಹೇಬರು ತಡೆದರು. ಅದು ಹೆದರಿಕೆಯಿಂದ ಅಲ್ಲ. ತಿರುಗಿ ಹೊಡೆದಿದ್ದರೆ ಅದು ಎರಡು ಗುಂಪಿನ ಗಲಾಟೆ ಆಗಿ ಮುಗೀತಿತ್ತು. ಕೇಸು ನಡೆಯಿತು, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಕೆರೆಯ ಹಕ್ಕು ಗೆದ್ದರು. ಹತ್ತು ವರ್ಷ!

ಕೋರ್ಟು ನಂಬಿದರೆ ನ್ಯಾಯ ಸಿಕ್ಕೇ ಸಿಗ್ತದೆ ಅಂತ ಸುಳ್ಳು ಹೇಳಲಾರೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ಹೆದರಿ ಮಾತು ಬದಲಿಸಿದರು, ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಗಂಗಾವತಿಯ ಮರಕುಂಬಿಯಲ್ಲಿ ನಮ್ಮವರ ಗುಡಿಸಲು ಸುಟ್ಟ ಪ್ರಕರಣದಲ್ಲಿ ಮಾತ್ರ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಎರಡೂ ಕಡೆ ಕಾನೂನು ಒಂದೇ. ನಮ್ಮ ಸಾಕ್ಷಿಗಳು ಕೊನೇ ತನಕ ನಿಲ್ಲುವ ಹಾಗೆ ಮಾಡುವುದೇ ನಮ್ಮ ಕೆಲಸ. ಕಾಯ್ದೆಗೆ ಆಮೇಲೆ ಸೇರಿಸಿದ 15ಎ ಸೆಕ್ಷನ್ ಇರುವುದು ಅದಕ್ಕೇ. ಸಂತ್ರಸ್ತರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡುವುದು ಸರಕಾರದ ಹೊಣೆ.

ಹಾಗಾಗಿ ತಮ್ಮಾ, ನಿನಗೆ ನಾನು ಹೇಳುವುದು ಇಷ್ಟು.

ಒಂದು, ದೂರನ್ನು ಬರವಣಿಗೆಯಲ್ಲಿ ಕೊಡು. ಠಾಣೆಯಲ್ಲಿ ತಕೊಳ್ಳದಿದ್ದರೆ ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸು, ಡಿಸಿಆರ್‌ಇಗೂ ಒಂದು ಪ್ರತಿ ಇರಲಿ. 18ಎ ಸೆಕ್ಷನ್ ಪ್ರಕಾರ ಎಫ್‌ಐಆರಿಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ. "ಕೂತು ಮಾತಾಡಿ" ಅಂತ ಹೇಳಲು ಅವರಿಗೆ ಅಧಿಕಾರ ಇಲ್ಲ. ಕರ್ತವ್ಯಲೋಪ ಮಾಡಿದ ನೌಕರನಿಗೆ 4ನೇ ಸೆಕ್ಷನ್ನಿನಲ್ಲಿ ಶಿಕ್ಷೆ ಉಂಟು. 14566 ಸಹಾಯವಾಣಿಗೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೋ.

ಎರಡು, ನಾವೆಲ್ಲ ಸೇರಿ ಆರ್‌ಟಿಐ ಹಾಕುವ. ಉಡುಪಿ ಜಿಲ್ಲೆಯಲ್ಲಿ 3ನೇ ನಿಯಮದಡಿ ಯಾವ ಊರುಗಳನ್ನು ಗುರುತಿಸಿದ್ದೀರಿ? ಎಷ್ಟು ಲೈಸೆನ್ಸ್ ರದ್ದು ಮಾಡಿದ್ದೀರಿ? ಎಸ್‌ಸಿ ಎಸ್‌ಟಿಯವರ ಎಷ್ಟು ಅರ್ಜಿ ಬಂತು, ಎಷ್ಟು ಮಂಜೂರಾಯ್ತು? ಮೂರು ತಿಂಗಳಿಗೊಮ್ಮೆ ಕೂರಬೇಕಾದ ಜಿಲ್ಲಾ ಜಾಗೃತಿ ಸಮಿತಿ ಎಷ್ಟು ಸಲ ಕೂತಿದೆ?

ಮೂರು, ಭೂಮಿ. ನಿನಗೆ ಬೆದರಿಕೆ ಬಂದದ್ದು ಭೂಮಿ ಕೇಳಿದ್ದಕ್ಕೆ. ಡಿ.ಸಿ. ಮನ್ನಾ ಅಂದರೆ ದಲಿತರಿಗಾಗಿಯೇ ಬ್ರಿಟಿಷರ ಕಾಲದಲ್ಲಿ ತೆಗೆದಿಟ್ಟ ಜಾಗ. 2016ರ ಅಕ್ಟೋಬರಿನಲ್ಲಿ 'ಚಲೋ ಉಡುಪಿ' ಅಂತ ಬೆಂಗಳೂರಿಂದ ನಮ್ಮೂರಿಗೆ ಬಂದವರು ಕೇಳಿದ್ದೂ ಭೂಮಿಯನ್ನೇ. ಪಿಸ್ತೂಲು ತಕೊಂಡು ಅರ್ಜಿ ಹಿಂದೆ ತಕೊಂಡರೆ ಗೆದ್ದದ್ದು ಅವರು. ಅರ್ಜಿ ಗಟ್ಟಿ ಹಿಡಿ.

ಮೇಲಿನ ಮೂರನ್ನೂ ಮಾಡಿದ ಮೇಲೆ, ಆಗಲೂ ನಿನಗೆ ಲೈಸೆನ್ಸ್ ಬೇಕು ಅನಿಸಿದರೆ ಹೇಳು. 14ನೇ ಸೆಕ್ಷನ್, 3ನೇ ನಿಯಮ ಎರಡನ್ನೂ ಬರೆದು ಅರ್ಜಿ ತಯಾರು ಮಾಡಿಕೊಡುವವ ನಾನೇ. ಮಣಿಪಾಲದ ರಜತಾದ್ರಿಗೆ ನಿನ್ನ ಜೊತೆ ಬರುವವನೂ ನಾನೇ. ಆಗ ಬೆಲ್ಟಿನ ವಿಷಯ ಮಾವನ ಹತ್ತಿರ ಇನ್ನೊಮ್ಮೆ ಕೇಳುವ.

ಈಗ ಮೊದಲು ಆಗಬೇಕಾದ್ದು ಬೇರೆ. ರಾತ್ರಿ ಡ್ಯೂಟಿ ಮುಗಿಸಿ ಒಬ್ಬನೇ ಬರಬೇಡ. ಕಾಪು ಕಡೆಯ ಗೆಳೆಯರೇ, ಅವನ ದಾರಿಯಲ್ಲಿ ಬೈಕ್ ಇರುವವರು ನನಗೆ ಮೆಸೇಜ್ ಮಾಡಿ. ಈ ತಿಂಗಳಿಡೀ ದಿನಾ ಇಬ್ಬರು ಅವನ ಜೊತೆ ಬರುವ ಹಾಗೆ ಪಾಳಿ ಹಾಕುವ. ನಾಳೆ ಸಂಜೆ ಆರು ಗಂಟೆಗೆ ಅವನ ಮನೆಯಲ್ಲಿ ಕೂತು ದೂರು ಬರೆಯುವುದುಂಟು. ಕಾನೂನು ಗೊತ್ತಿರುವವರು ಬನ್ನಿ. ಗೊತ್ತಿಲ್ಲದವರೂ ಬನ್ನಿ, ಅಂಗಳದಲ್ಲಿ ಜನ ಕಾಣಬೇಕು.

ಜೈ ಭೀಮ್.