ಅರ್ಜಿಯ ಪುಟವೂ ರಿಫ್ರೆಶ್ ತಡೆಯೂ

ರೈತರಿಂದ ಅರ್ಜಿಗಳನ್ನು ಅಂತರ್ಜಾಲದ ಪುಟಗಳಲ್ಲಿ ಪಡೆಯುವ ರೂಢಿಯು ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ವಿದಿತವೇ ಆಗಿದೆ. ಉತ್ತರ ಬರುವುದು ತಡವಾದರೆ ಅರ್ಜಿದಾರರು ಆತುರದಿಂದ ಪುಟವನ್ನು ರಿಫ್ರೆಶ್ ಮಾಡುವುದುಂಟು. ಆಗ ಅದೇ ಅರ್ಜಿಯು ಎರಡನೆಯ ಸಲ ಹೋಗಬಹುದು. ಒಮ್ಮೊಮ್ಮೆ ಹಣವೂ ಎರಡು ಸಲ ಸಂದಾಯವಾಗಬಹುದು.

ಇದನ್ನು ತಪ್ಪಿಸಲು ಕೆಲವರು ಪುಟದೊಳಗೆ ಜಾವಾಸ್ಕ್ರಿಪ್ಟಿನ ನಾಲ್ಕು ಸಾಲು ಬರೆದು ಎಫ್5 ಕೀಲಿಯನ್ನು ಕಟ್ಟಿಹಾಕುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಹೊಲದ ಮೂರು ಮಗ್ಗುಲು ಬಿಟ್ಟು ಒಂದಕ್ಕೆ ಮಾತ್ರ ಬೇಲಿ ಹಾಕಿದಂತೆ. ಬ್ರೌಸರಿನ ಸ್ವಂತ ರಿಫ್ರೆಶ್ ಗುಂಡಿಯನ್ನು ಆ ಸಾಲುಗಳು ಮುಟ್ಟಲಾರವು. ಮೊಬೈಲಿನಲ್ಲಂತೂ ಎಫ್5 ಕೀಲಿಯೇ ಇಲ್ಲ. 'ಬಿಫೋರ್‌ಅನ್‌ಲೋಡ್' ಎಂಬ ಏರ್ಪಾಡು ಪುಟ ಬಿಡುವಿರಾ ಎಂದು ಕೇಳೀತೇ ಹೊರತು ತಡೆಯಲಾರದು.

ತಡೆಯಿರಬೇಕಾದುದು ಸರ್ವರಿನಲ್ಲಿ. ಪ್ರತಿಯೊಂದು ನಮೂನೆಗೂ ಬೇರೆ ಬೇರೆ ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮರಳಿ ಬಂದರೆ ಸರ್ವರು ಅದನ್ನು ತಳ್ಳಿಹಾಕತಕ್ಕದ್ದು. ಅರ್ಜಿಯು ಸ್ವೀಕೃತವಾದೊಡನೆ 303 ಎಂಬ ಸಂಕೇತದಿಂದ ಬ್ರೌಸರನ್ನು ರಸೀತಿಯ ಪುಟಕ್ಕೆ ಕಳುಹಿಸಿದರೆ, ಅಲ್ಲಿ ಎಷ್ಟು ಸಲ ರಿಫ್ರೆಶ್ ಮಾಡಿದರೂ ರಸೀತಿಯೇ ಕಾಣುವುದು. ಸಲ್ಲಿಸುವ ಗುಂಡಿಯನ್ನು ಎರಡು ಸಲ ಒತ್ತದಂತೆ ಮಾಡಲು ಮಾತ್ರ ಜಾವಾಸ್ಕ್ರಿಪ್ಟು ಉಪಯುಕ್ತವೇ ಸರಿ.

ಸಹಕಾರ ಸಂಘಕ್ಕೆ ಇಂಥ ಪುಟ ಮಾಡಿಸುವವರು, ಕೂಲಿಯನ್ನು ಪೂರ್ತಿ ತೆರುವ ಮೊದಲು, ಪರೀಕ್ಷಾರ್ಥವಾಗಿ ಅರ್ಜಿಯೊಂದನ್ನು ಕಳುಹಿಸಿ, ರಿಫ್ರೆಶ್ ಮಾಡಿ, ದಾಖಲೆಯಲ್ಲಿ ಎಷ್ಟು ಅರ್ಜಿಗಳಿವೆಯೆಂದು ಎಣಿಸಿ ನೋಡಬೇಕು.