ತೂಕ ಇಳಿಸುವ ಸೂಜಿ ಮತ್ತು ನಮ್ಮ ನಾಲಗೆ

ಈಗ ಮದುವೆ ಹಾಲ್‌ಗಳಲ್ಲಿ ಚಿನ್ನದ ದರದಷ್ಟೇ ಜೋರಾಗಿ ನಡೆಯುತ್ತಿರುವ ಚರ್ಚೆ ತೂಕ ಇಳಿಸುವ ಇಂಜೆಕ್ಷನ್‌ನದ್ದು. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂತು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧದ ಪೇಟೆಂಟ್ 2026ರ ಮಾರ್ಚ್‌ನಲ್ಲಿ ಮುಗಿದು, ನಮ್ಮ ದೇಶದ ಕಂಪೆನಿಗಳಿಗೂ ಅದನ್ನು ತಯಾರಿಸುವ ದಾರಿ ತೆರೆಯಿತು. ಬೆಲೆ ಇಳಿದಷ್ಟೂ ಆಸೆ ಏರುತ್ತದೆ. ಆದ್ದರಿಂದ ಇದರ ಒಳಿತು ಕೆಡುಕು ಎರಡನ್ನೂ ನಾವು ಸರಿಯಾಗಿ ತಿಳಿದುಕೊಳ್ಳಬೇಕಾಗಿದೆ.

ಮೊದಲಿಗೆ, ಸಮಸ್ಯೆ ಸುಳ್ಳಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಬಾಗಿಲಲ್ಲಿ ನಿಂತಿದ್ದಾರೆ. ಮೈಭಾರದಿಂದ ಸಕ್ಕರೆ, ಬಿ.ಪಿ., ಮೊಣಕಾಲು ನೋವು ಎಂದು ಕಷ್ಟಪಡುವವರಿಗೆ ಈ ಔಷಧ ನಿಜಕ್ಕೂ ಉಪಕಾರಿ. ವೈದ್ಯರು ಬರೆದುಕೊಟ್ಟರೆ ತೆಗೆದುಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ಇದು ಫೇರ್‌ನೆಸ್ ಕ್ರೀಮ್ ತರಹದ ವಸ್ತು ಅಲ್ಲ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಔಷಧ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡಿ, ಹೊಟ್ಟೆ ತುಂಬಿತೆಂದು ಮೆದುಳಿಗೆ ಹೇಳುತ್ತದೆ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಅಪರೂಪಕ್ಕೆ ಮೇದೋಜೀರಕ ಗ್ರಂಥಿಗೆ ಉರಿಯೂತವೂ ಆಗಬಹುದು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ, ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ. ಬಳಸದ ಪೆನ್ನನ್ನು 2ರಿಂದ 8 ಡಿಗ್ರಿ ತಣ್ಣಗೆ ಇಡಬೇಕು. ಗಲ್ಫಿನಿಂದ ಬರುವ ಯಾರದ್ದೋ ಬ್ಯಾಗಿನಲ್ಲಿ ಪರ್ಫ್ಯೂಮ್, ಚಾಕೊಲೇಟ್ ಜೊತೆ ತರಿಸಿಕೊಳ್ಳುವ ಸಾಮಾನು ಇದಲ್ಲ.

ನಮಗೆ ಹೆಚ್ಚು ಆತಂಕ ಇರುವುದು ಮದುವೆಗೆ ನಿಂತ ಹೆಣ್ಣುಮಕ್ಕಳ ಬಗ್ಗೆ. "ನಿಕಾಹ್‌ಗೆ ಮೂರು ತಿಂಗಳಿದೆ, ಹತ್ತು ಕೆ.ಜಿ. ಇಳಿಸು" ಎಂದು ಮನೆಯವರೇ ಒತ್ತಾಯಿಸಿದರೆ ಆ ಮಗು ಏನು ಮಾಡಬೇಕು? ಸೆಮಾಗ್ಲುಟೈಡ್ ತೆಗೆದುಕೊಳ್ಳುವವರು ಗರ್ಭ ಧರಿಸುವ ಯೋಚನೆ ಇದ್ದರೆ ಕನಿಷ್ಠ ಎರಡು ತಿಂಗಳ ಮೊದಲೇ ಅದನ್ನು ನಿಲ್ಲಿಸಬೇಕೆಂದು ಔಷಧದ ಸೂಚನೆಯಲ್ಲೇ ಇದೆ. ಮೌಂಜಾರೊ ಆದರೆ ಗರ್ಭ ನಿರೋಧಕ ಮಾತ್ರೆಯ ಪರಿಣಾಮವನ್ನೂ ಕಡಿಮೆ ಮಾಡಬಹುದು. ಮದುವೆಯಾದ ವರ್ಷದೊಳಗೆ ಮಗುವಿನ ನಿರೀಕ್ಷೆ ಇರುವ ಮನೆಗಳಲ್ಲಿ ಉಮ್ಮಂದಿರು ಈ ಮಾತನ್ನು ಖಂಡಿತ ತಿಳಿದಿರಬೇಕು.

ಇನ್ನು ಸೂಜಿ ಇಲ್ಲದವರ ದಾರಿ ಉಪವಾಸ. ಬೆಳಗ್ಗೆ ಬರೇ ಚಾ, ಮಧ್ಯಾಹ್ನ ಏನೂ ಇಲ್ಲ, ರಾತ್ರಿ ಹಸಿವು ತಡೆಯಲಾಗದೆ ಬೇಕರಿ ತಿಂಡಿ, ಆಮೇಲೆ ಅಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಅದೇ ಸಮೀಕ್ಷೆಯಲ್ಲಿ ಶೇ. 24 ಮಹಿಳೆಯರಿಗೆ ತೂಕ ಹೆಚ್ಚು. ಅಂದರೆ ದಪ್ಪ ಇದ್ದವರಿಗೆಲ್ಲ ಪೌಷ್ಟಿಕತೆ ಇದೆ ಎಂದಲ್ಲ, ಸಪೂರ ಇದ್ದವರೆಲ್ಲ ಆರೋಗ್ಯವಂತರೂ ಅಲ್ಲ. ತೂಕ ಮತ್ತು ಎತ್ತರದ ಲೆಕ್ಕ ಮಾತ್ರ ನೋಡಿ ಬೊಜ್ಜನ್ನು ಕಾಯಿಲೆ ಎಂದು ತೀರ್ಮಾನಿಸಬಾರದು ಎಂದು 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗವೂ ಹೇಳಿದೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಸಕ್ಕರೆ, ಬಿ.ಪಿ. ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕನ್ನಡಿಗಿಂತ ಅಳತೆ ಟೇಪ್ ಹೆಚ್ಚು ನಿಜ ಹೇಳುತ್ತದೆ.

ಊಟ ನಮ್ಮ ಶತ್ರುವಲ್ಲ. ನೈಪತ್ತಿರ್, ಬಿರಿಯಾನಿ ನಮ್ಮ ಸಂಭ್ರಮದ ಭಾಗ. ಅವನ್ನು ಹರಾಮ್ ಮಾಡಿಕೊಳ್ಳುವ ಅಗತ್ಯ ಇಲ್ಲ. ಆದರೆ ಸಂಭ್ರಮದ ಊಟ ವಾರಕ್ಕೆ ನಾಲ್ಕು ಸಲ ಆದರೆ ಅದು ಸಂಭ್ರಮ ಅಲ್ಲ, ಅಭ್ಯಾಸ. ದಿನದ ಸಕ್ಕರೆ 25 ಗ್ರಾಂ ಒಳಗಿರಲಿ ಎನ್ನುತ್ತದೆ ಹೈದರಾಬಾದಿನ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ. ಅದು ಸುಮಾರು ಐದು ಟೀ ಚಮಚ. ಚಾ, ಶರಬತ್ತು, ಜ್ಯೂಸ್ ಸೇರಿದರೆ ಅಸರ್‌ಗೆ ಮೊದಲೇ ಲೆಕ್ಕ ಮುಗಿದಿರುತ್ತದೆ. ಕುಚ್ಚಲಕ್ಕಿ ಗಂಜಿ, ಹೆಸರು ಪಲ್ಯ, ಬೂತಾಯಿ ಸಾರು, ನುಗ್ಗೆ ಸೊಪ್ಪು ಇವೆಲ್ಲ ನಮ್ಮದೇ ಅಡುಗೆ. ಇವಕ್ಕೆ ಯಾವ ಡಯಟ್ ಚಾರ್ಟೂ ಬೇಡ. ಹೊಟ್ಟೆಯನ್ನು ಮೂರು ಪಾಲು ಮಾಡಿ ಒಂದನ್ನು ಉಸಿರಾಟಕ್ಕೆ ಬಿಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ಅದು ದಾವತ್‌ನ ಟೇಬಲ್‌ಗೂ ಬರಬೇಕು. ಅತಿಥಿ ಸಾಕೆಂದ ಮೇಲೂ ಬಟ್ಟಲಿಗೆ ಸುರಿಯುವುದು ಪ್ರೀತಿ ಅಲ್ಲ.

ಮತ್ತೆ ನಾಲಗೆಯ ವಿಷಯ. "ಎಂತದು, ತೋರ ಆಗಿದ್ದಿ?", "ಇವಳಿಗೆ ಹುಡುಗ ಸಿಗುವುದು ಕಷ್ಟ" ಎಂಬ ಮಾತುಗಳನ್ನು ನಾವು ಕುಶಲೋಪರಿ ಎಂದು ಭಾವಿಸಿದ್ದೇವೆ. ಸೂರಾ ಹುಜುರಾತ್‌ನಲ್ಲಿ ಅಪಹಾಸ್ಯವನ್ನೂ ಅಡ್ಡಹೆಸರನ್ನೂ ತಡೆಯಲಾಗಿದೆ. ಅಲ್ಲಿ ಹೆಂಗಸರನ್ನು ಪ್ರತ್ಯೇಕವಾಗಿ ಹೆಸರಿಸಿಯೇ ಹೇಳಲಾಗಿದೆ. ದೇಹ ಅಲ್ಲಾಹನ ಅಮಾನತ್ ಎಂದಾದರೆ ಅದನ್ನು ಕಾಪಾಡುವುದೂ ಹೊಣೆ, ಇನ್ನೊಬ್ಬರ ಅಮಾನತನ್ನು ಹಂಗಿಸದಿರುವುದೂ ಹೊಣೆ.

ಜಮಾಅತ್‌ಗಳು ಒಂದು ಕೆಲಸ ಮಾಡಬಹುದು. ಮದ್ರಸದ ಅಂಗಳ, ಸಮುದಾಯದ ಹಾಲ್ ಖಾಲಿ ಇರುವ ಹೊತ್ತಿನಲ್ಲಿ ಹೆಂಗಸರಿಗೆ ನಡೆಯಲು, ವ್ಯಾಯಾಮ ಮಾಡಲು ಬಿಟ್ಟುಕೊಡಿ. ದಿನಕ್ಕೆ ಅರ್ಧ ಗಂಟೆ ಸಾಕು. "ವಾಕಿಂಗ್ ಹೋಗು" ಎಂದು ಹೇಳುವುದು ಸುಲಭ, ಎಲ್ಲಿ ಹೋಗಬೇಕು ಎಂಬುದಕ್ಕೂ ನಾವೇ ಉತ್ತರ ಕೊಡಬೇಕು.