ತೂಕದ ಮುಳ್ಳು ಅಲುಗಾಡಿದರೆ ಗಾಬರಿ ಬೇಡ

ಭಾನುವಾರ ಬೆಳಿಗ್ಗೆ 62 ಕಿಲೋ ಇದ್ದ ನಿಮ್ಮ ತೂಕ ಸೋಮವಾರ ಬೆಳಿಗ್ಗೆ 63.4 ಕಿಲೋ ಎಂದು ತೋರಿಸಿದರೆ ನೀವೇನು ಮಾಡುತ್ತೀರಿ? ನನ್ನ ಬಳಿಗೆ ಬರುವವರಲ್ಲಿ ಅನೇಕರು ಅಂದು ಬೆಳಗಿನ ತಿಂಡಿ ಬಿಡುತ್ತಾರೆ. ಕೆಲವರು ರಾತ್ರಿಯ ಊಟವನ್ನೂ ಬಿಡುತ್ತಾರೆ. ಇನ್ನು ಕೆಲವರು, 'ಇಷ್ಟು ಕಷ್ಟಪಟ್ಟೂ ಏನು ಬಂತು?' ಎಂದು ಬೇಸತ್ತು ದಿನನಿತ್ಯದ ನಡಿಗೆಯನ್ನೇ ನಿಲ್ಲಿಸಿಬಿಡುತ್ತಾರೆ. ಕಷ್ಟಪಟ್ಟು ತೂಕ ಇಳಿಸಿ, ಅದನ್ನು ಹಾಗೆಯೇ ಉಳಿಸಿಕೊಳ್ಳಲು ಹೆಣಗುತ್ತಿರುವವರಲ್ಲಿಯೇ ಈ ಗಾಬರಿ ಹೆಚ್ಚು. ಈ ಮೂರೂ ಅನಗತ್ಯ. ಒಂದೇ ರಾತ್ರಿಯಲ್ಲಿ ಸುಮಾರು ಒಂದೂವರೆ ಕಿಲೋ ಕೊಬ್ಬು ಯಾರ ಮೈಯಲ್ಲೂ ಶೇಖರವಾಗುವುದಿಲ್ಲ.

ಬೇಕಿದ್ದರೆ ಲೆಕ್ಕ ಹಾಕಿ ನೋಡಿ. ದೇಹದಲ್ಲಿ ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚುವರಿಯಾಗಿ ಒಳಗೆ ಹೋಗಬೇಕು. ತುಪ್ಪ ಸವರಿದ ಒಂದು ಹೋಳಿಗೆಗೆ 300 ಕ್ಯಾಲೊರಿ ಎಂದಿಟ್ಟುಕೊಂಡರೆ, 1.4 ಕಿಲೋ ಕೊಬ್ಬಿಗೆ ಸುಮಾರು 36 ಹೋಳಿಗೆಗಳಾದವು. ಅದೂ ದಿನದ ಮಾಮೂಲಿ ಊಟ ತಿಂಡಿಗಳ ಮೇಲೆ! ಮದುವೆಯ ಮನೆಯಲ್ಲಿ ಎಷ್ಟೇ ಬಲವಂತ ಮಾಡಿ ಬಡಿಸಿದರೂ ಅಷ್ಟು ತಿನ್ನುವವರನ್ನು ನಾನು ಕಂಡಿಲ್ಲ.

ಹಾಗಾದರೆ ಆ ತೂಕ ಎಲ್ಲಿಂದ ಬಂತು? ಅದರಲ್ಲಿ ಹೆಚ್ಚಿನ ಪಾಲು ನೀರು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ ಎಂಬುದನ್ನು ಮರೆಯಬೇಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಿಸಿಬೇಳೆಭಾತ್ ಎಲ್ಲವೂ ಇರುವ ಊಟ ಮಾಡಿದ ದಿನ ದೇಹಕ್ಕೆ ಉಪ್ಪು ಹೆಚ್ಚಾಗಿ ಸೇರುತ್ತದೆ. ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡಗಳು ಆ ಹೆಚ್ಚುವರಿ ಉಪ್ಪನ್ನೂ ನೀರನ್ನೂ ಹೊರಹಾಕಲು ಎರಡು ಮೂರು ದಿನ ತೆಗೆದುಕೊಳ್ಳಬಹುದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಹೆಚ್ಚಿನವರು ಈ ಗಡಿ ದಾಟಿದವರೇ.

ಎರಡನೆಯ ಕಾರಣ ಅನ್ನ, ಮುದ್ದೆ, ಚಪಾತಿಗಳಿಗೆ ಸಂಬಂಧಿಸಿದ್ದು. ಇವುಗಳಲ್ಲಿನ ಪಿಷ್ಟದ ಒಂದಂಶವನ್ನು ದೇಹವು ಗ್ಲೈಕೊಜನ್ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತದೆ. ಒಟ್ಟು 400ರಿಂದ 500 ಗ್ರಾಂನಷ್ಟು. ಪ್ರತಿ ಗ್ರಾಂ ಗ್ಲೈಕೊಜನ್ ಜೊತೆಗೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಅನ್ನವನ್ನು ಪೂರ್ತಿ ಬಿಟ್ಟವರಲ್ಲಿ ಮೊದಲು ಖರ್ಚಾಗುವುದು ಈ ದಾಸ್ತಾನು. ನಾಲ್ಕೈದು ದಿನದಲ್ಲಿ ಒಂದೂವರೆ ಎರಡು ಕಿಲೋ ಇಳಿದಂತೆ ಕಾಣುತ್ತದೆ. ಮತ್ತೆ ಅನ್ನ ತಿಂದ ಕೂಡಲೇ ಅದು ಮರಳುತ್ತದೆ. ಏಕಾದಶಿಯಂದು ಇಳಿದದ್ದು ದ್ವಾದಶಿಯ ಪಾರಣೆಯ ನಂತರ ಏರುವುದೂ ಹೀಗೆಯೇ. 'ವಾರದಲ್ಲಿ ಐದು ಕಿಲೋ ಇಳಿಸಿ' ಎಂದು ಜಾಹೀರಾತು ಕೊಡುವವರು ನಿಮಗೆ ಮಾರುವುದು ಬಹುಮಟ್ಟಿಗೆ ಈ ನೀರಿನ ಲೆಕ್ಕವನ್ನೇ. ಇದು ಮೋಸವೆಂದೇ ನನ್ನ ಅಭಿಪ್ರಾಯ.

ಮಲಬದ್ಧತೆ, ಹೊಸದಾಗಿ ಆರಂಭಿಸಿದ ವ್ಯಾಯಾಮ ಇವೂ ಮುಳ್ಳನ್ನು ಮೇಲೆತ್ತುತ್ತವೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಅನೇಕ ಹೆಣ್ಣುಮಕ್ಕಳ ತೂಕ ಒಂದೆರಡು ಕಿಲೋ ಏರಿ, ಮುಟ್ಟಾದ ಮೇಲೆ ತಾನಾಗಿಯೇ ಇಳಿಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ದಿನವಿಡೀ ಬಿಸಿಲಲ್ಲಿ ದುಡಿದವರ ತೂಕ ಸಂಜೆಗೆ ಒಂದು ಕಿಲೋ ಕಡಿಮೆಯಾದರೆ ಹಿಗ್ಗಬೇಕಾಗಿಲ್ಲ. ಅದು ಬೆವರು. ಮಜ್ಜಿಗೆ ನೀರು ಕುಡಿಯಬೇಕು, ಅಷ್ಟೇ.

ನನಗೆ ನಿಜವಾಗಿ ಭಯವಾಗುವುದು ಕಾಲೇಜಿನ ಹುಡುಗಿಯರ ವಿಷಯದಲ್ಲಿ. ಮೊದಲೇ ರಕ್ತಹೀನತೆ, ಅದರ ಮೇಲೆ ತೂಕದ ಯಂತ್ರ ಹೇಳಿದ ಹಾಗೆ ಉಪವಾಸ. ಕೆಲವರಂತೂ ಯಾರೋ ಹೇಳಿದರೆಂದು ಔಷಧಿ ಅಂಗಡಿಯಿಂದ 'ನೀರಿನ ಮಾತ್ರೆ' ತಂದು ನುಂಗುತ್ತಾರೆ. ಇವು ಮೂತ್ರ ಹೆಚ್ಚಿಸುವ ಮಾತ್ರೆಗಳು. ಒಂದು ಗ್ರಾಂ ಕೊಬ್ಬನ್ನೂ ಕರಗಿಸುವುದಿಲ್ಲ. ರಕ್ತದಲ್ಲಿನ ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗಿ ತಲೆಸುತ್ತು, ಸ್ನಾಯುಸೆಳೆತ, ಕೆಲವೊಮ್ಮೆ ಹೃದಯ ಬಡಿತದ ಅಪಾಯಕಾರಿ ಏರುಪೇರೂ ಆಗಬಹುದು. ವೈದ್ಯರು ಬರೆದುಕೊಡದೆ ಇವನ್ನು ಮುಟ್ಟಲೇಬೇಡಿ. ತಾಯಂದಿರು ಇದನ್ನು ಗಮನಿಸಬೇಕು. ಮಗಳ ಎದುರಿಗೇ ದಿನಾ ತೂಕದ ಬಗ್ಗೆ ಹಳಹಳಿಸುವುದನ್ನೂ ಬಿಡಬೇಕು.

ಹಿಂದೆ ರೈಲ್ವೆ ನಿಲ್ದಾಣದ ಯಂತ್ರಕ್ಕೆ ನಾಣ್ಯ ಹಾಕಿ, ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ತೂಕ ನೋಡುತ್ತಿದ್ದೆವು. ಈಗ ಮನೆಯಲ್ಲಿಯೇ 100 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಯಂತ್ರವಿದೆ. ಅದನ್ನು ಬಳಸುವುದಾದರೆ ಕ್ರಮವಾಗಿ ಬಳಸಿ. ಬೆಳಿಗ್ಗೆ ಶೌಚಕ್ಕೆ ಹೋಗಿಬಂದ ಮೇಲೆ, ಕಾಫಿಗೆ ಮುನ್ನ, ಹಗುರವಾದ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲಿಟ್ಟು ನೋಡಿ. ವಾರಕ್ಕೊಮ್ಮೆ, ಒಂದೇ ವಾರದಂದು ನೋಡಿದರೆ ಸಾಕು. ದಿನವೂ ನೋಡುವ ಚಪಲವಿದ್ದವರು ಏಳು ದಿನಗಳ ಸರಾಸರಿ ತೆಗೆದು ಹಿಂದಿನ ವಾರದ ಸರಾಸರಿಯೊಡನೆ ಹೋಲಿಸಲಿ. 62 ಕಿಲೋ ಉಳಿಸಿಕೊಳ್ಳಬೇಕೆನ್ನುವವರು 61ರಿಂದ 63ರವರೆಗಿನ ಎಲ್ಲ ಅಂಕಿಗಳನ್ನೂ ಒಂದೇ ಎಂದು ಭಾವಿಸಬೇಕು. ಸರಾಸರಿ ಸತತವಾಗಿ ಮೂರು ನಾಲ್ಕು ವಾರ ಏರುತ್ತಲೇ ಹೋದರೆ ಮಾತ್ರ ತಟ್ಟೆಯ ಕಡೆ ಗಮನ ಕೊಡಿ. ಸೊಂಟಕ್ಕೆ ಟೇಪು ಹಿಡಿಯುವುದೂ ಒಳ್ಳೆಯದು. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ಆದರೆ ತೂಕದ ಏರಿಳಿತವನ್ನು ಕಡೆಗಣಿಸಲೇಬಾರದ ಎರಡು ಸಂದರ್ಭಗಳಿವೆ. ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ದಿನವೂ ತೂಕ ನೋಡಲೇಬೇಕು. ಮೂರು ದಿನದೊಳಗೆ ಎರಡು ಕಿಲೋ ಏರಿದರೆ, ಕಾಲು ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಇನ್ನೊಂದು, ಪ್ರಯತ್ನವಿಲ್ಲದೆ ಆಗುವ ಇಳಿಕೆ. ಆರು ತಿಂಗಳಿಂದ ಒಂದು ವರ್ಷದೊಳಗೆ ದೇಹತೂಕದ ಶೇ. 5ರಷ್ಟು, ಅಂದರೆ 60 ಕಿಲೋ ಇದ್ದವರಿಗೆ 3 ಕಿಲೋ, ತಾನಾಗಿಯೇ ಕರಗಿದ್ದರೆ ಪರೀಕ್ಷೆ ಆಗಲೇಬೇಕು. ಸಕ್ಕರೆ ಕಾಯಿಲೆ, ಕ್ಷಯ, ಥೈರಾಯಿಡ್ ತೊಂದರೆ, ಕ್ಯಾನ್ಸರ್, ಮಾನಸಿಕ ಖಿನ್ನತೆ ಯಾವುದೂ ಇದರ ಹಿಂದಿರಬಹುದು. ಇಂಥವರನ್ನು ಕಂಡು ನೆಂಟರಿಷ್ಟರು 'ಪರವಾಗಿಲ್ಲವೇ, ತೆಳ್ಳಗಾಗಿದ್ದೀರಿ' ಎಂದು ಹೊಗಳುತ್ತಾರೆ! ನಿಮ್ಮ ಮನೆಯ ಅಜ್ಜಿಯ ಬಳೆ, ರವಿಕೆ ಸಡಿಲವಾಗಿದ್ದರೆ, ಅಜ್ಜನ ಉಂಗುರ ಬೆರಳಿನಿಂದ ಜಾರುತ್ತಿದ್ದರೆ, 'ವಯಸ್ಸಾಯಿತಲ್ಲ' ಎಂದು ಸುಮ್ಮನಿರಬೇಡಿ. ಹಲ್ಲಿನ ಸೆಟ್ಟು ಸರಿಯಾಗಿ ಕೂರದೆ ಅಗಿಯಲಾಗದೇ ಇರಬಹುದು. ಅಥವಾ ಎರಡು ವಾರ ಮೀರಿದ ಕೆಮ್ಮೊಂದನ್ನು ಅವರು ಹೇಳದೇ ಇರಬಹುದು. ಈ ವಾರವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.